ಎಣಿಸಿ ಆಡಿದ ಮಾತು

ಛತ್ರಿ ಕಾರ್ಖಾನೆಯ ಗುಮಾಸ್ತರಿಗೆ 'ಲೇಡೀಸ್' ಎಂಬ ಅಡ್ಡಹೆಸರು ಅಂಟಿ ಒಂದು ವರ್ಷವಾಗಿತ್ತು. ಹೋದ ವಾರ್ಷಿಕ ಸಭೆಯಲ್ಲಿ ಅವರು "ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್" ಎಂದು ಸ್ವಾಗತ ಶುರು ಮಾಡಿದ್ದೇ ತಡ, ಕ್ಯಾಷಿಯರ್ ಎದ್ದು ನಿಂತಿದ್ದ.

"ಇರೋರು ಮ್ಯಾನೇಜರ್ ಮೇಡಂ ಒಬ್ರೇ. ಲೇಡೀಸ್ ಎಲ್ಲಿಂದ ಬಂದ್ರು ಸ್ವಾಮಿ?"

ಬಿದ್ದು ಬಿದ್ದು ನಕ್ಕವರಲ್ಲಿ ಮ್ಯಾನೇಜರೂ ಇದ್ದರು. ಅಂದಿನಿಂದ ಗುಮಾಸ್ತರು ತಲೆಯೆತ್ತಿ ನಡೆದಿರಲಿಲ್ಲ.

ಇವತ್ತು ಮತ್ತೆ ಸ್ವಾಗತ ಅವರ ಪಾಲಿಗೇ ಬಂದಿತ್ತು. ಹೋದ ಮಾನ ಮರಳಿ ಪಡೆಯಬೇಕು! ಬೆಳಿಗ್ಗೆ ಕನ್ನಡಿಯ ಮುಂದೆ "ಒಬ್ಬರಾದರೆ ಲೇಡಿ, ಇಬ್ಬರಾದರೆ ಲೇಡೀಸ್" ಎಂದು ಜಪಿಸುತ್ತಿದ್ದಾಗ ಹೆಂಡತಿ ಬಂದಳು.

"ಈ ಸಲ ನಾನೂ ಬರ್ಲಾ? ನೀವು ಮಾತಾಡೋದನ್ನ ಒಂದಿನಾನೂ ನೋಡಿಲ್ಲ."

"ನೀನ್ಯಾಕೆ? ಅಲ್ಲೆಲ್ಲ ಇಂಗ್ಲಿಷು. ನಿನಗೇನು ತಿಳಿಯುತ್ತೆ?"

ಅವಳ ಮುಖ ಬಾಡಿತು. ಅದನ್ನು ನೋಡಲಾರದೆ ಅವರು ಗಡಿಬಿಡಿಯಲ್ಲಿ ಹೊರಟುಬಿಟ್ಟರು. ಕನ್ನಡಕ ಕನ್ನಡಿಯ ಮುಂದೆಯೇ ಉಳಿಯಿತು.

ಅದು ನೆನಪಾದದ್ದು ವೇದಿಕೆ ಹತ್ತಿದ ಮೇಲೆ. ಮೊದಲ ಸಾಲಿನಾಚೆ ಎಲ್ಲವೂ ಮಬ್ಬು. ಪಕ್ಕದಲ್ಲಿದ್ದ ಕ್ಯಾಷಿಯರನ ಕಿವಿಯಲ್ಲಿ ಪಿಸುಗುಟ್ಟಿದರು: "ಹೆಂಗಸರು ಎಷ್ಟು ಜನ? ಸರಿಯಾಗಿ ಎಣಿಸಪ್ಪಾ, ನಿನ್ನ ದಮ್ಮಯ್ಯ ಅಂತೀನಿ."

ಅವನು ಕತ್ತು ಕೂಡ ತಿರುಗಿಸಲಿಲ್ಲ. "ಎಣಿಸೋದೇನು ಬಂತು? ಮೇಡಂ ಒಬ್ರೇ."

ಗುಮಾಸ್ತರು ಎದೆಯುಬ್ಬಿಸಿ ಮೈಕಿನ ಮುಂದೆ ನಿಂತರು. "ಲೇಡಿ ಆ್ಯಂಡ್ ಜೆಂಟಲ್‌ಮೆನ್!"

"ಭೇಷ್! ಲೆಕ್ಕ ಅಂದ್ರೆ ಇದು!" ಮ್ಯಾನೇಜರೇ ಚಪ್ಪಾಳೆ ತಟ್ಟಿದರು. ಗುಮಾಸ್ತರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಎದ್ದು ವೇದಿಕೆಯತ್ತ ಬಂದರು. ಮೊದಲು ನಡಿಗೆ ಪರಿಚಿತವೆನಿಸಿತು, ಆಮೇಲೆ ಮುಖ. ಹೆಂಡತಿ!

"ಕನ್ನಡಕ ಮರೆತು ಬಂದ್ರಿ. ಕೊಟ್ಟು ಹೋಗೋಣ ಅಂತ ಬಂದೆ." ಮೈಕು ಅವಳ ಮಾತನ್ನು ಸಭೆಗೆಲ್ಲ ಹಂಚಿತು. "ಹಾಕ್ಕೊಂಡು ಇನ್ನೊಂದ್ಸಲ ಎಣಿಸಿ. ಇಷ್ಟು ಇಂಗ್ಲಿಷು ನನಗೂ ತಿಳಿಯುತ್ತೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವರಿಗೆ. ಕನ್ನಡಕ ಏರಿಸಿದರು. ಹೆಂಡತಿ, ಮೇಡಂ, ಗೋಡೆಗೊರಗಿ ಟೀ ಕೆಟಲ್ ಹಿಡಿದು ನಿಂತ ಅಕ್ಕ, ಬಾಗಿಲ ಬಳಿ ಕಸ ಗುಡಿಸುವ ಅಜ್ಜಿ. ಅಕ್ಕ, ಅಜ್ಜಿ ಹೋದ ವರ್ಷವೂ ಅಲ್ಲೇ ನಿಂತಿದ್ದರು. ಅಂದರೆ ಹೋದ ವರ್ಷ ಆಡಿದ್ದೇ ಸರಿ!

ಅದನ್ನು ಸಾರಿ ಹೇಳಲು ಬಾಯಿ ತೆರೆದರು, ಅಜ್ಜಿಯ ಮುಖ ಕಂಡು ಮುಚ್ಚಿಕೊಂಡರು. ಆಗ ತಾವಾದರೂ ಇವರನ್ನು ಎಣಿಸಿದ್ದರೇ? ಬಾಯಿಪಾಠ ಒಪ್ಪಿಸಿದ್ದರು, ಅಷ್ಟೇ. ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು.

ಸಭೆ ಮುಗಿದಾಗ ಕ್ಯಾಷಿಯರ್ ಕೂಗಿದ: "ಬನ್ನಿ 'ಲೇಡಿ' ಸಾಹೇಬ್ರೆ, ಟೀ ತಗೊಳ್ಳಿ!"

ಅಕ್ಕ ಎಲ್ಲರಿಗೂ ಟೀ ಕೊಟ್ಟಳು, ಗುಮಾಸ್ತರ ಹೆಂಡತಿಗಂತೂ ಲೋಟದ ತುಂಬ. ಇವರ ಮುಂದೆ ಬಂದು ಖಾಲಿ ಕೆಟಲ್ ಬಗ್ಗಿಸಿ ತೋರಿಸಿದಳು.

"ತಪ್ಪು ತಿಳ್ಕೋಬೇಡಿ ಸಾರ್. ಎಣಿಸುವಾಗ ನೀವು ಕಣ್ಣಿಗೆ ಬೀಳ್ಲಿಲ್ಲ."