ನ್ಯಾಯಾಧೀಶರಿಗೆ ‘ಮತ್ತೆ ಬನ್ನಿ’ ಎಂದದ್ದು

ಮನೆಗೆ ಬಂದವರನ್ನು ಸುಮ್ಮನೆ ಕಳುಹಿಸಿಕೊಡುವ ವಿದ್ಯೆ ನನಗೆ ಒಲಿದಿಲ್ಲ. ಬಾಗಿಲವರೆಗೆ ಹೋಗಿ, ಎರಡು ನಿಮಿಷ ನಿಂತು ‘ಮತ್ತೆ ಬನ್ನಿ’ ಅನ್ನದಿದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಮೈಸೂರಿನಲ್ಲಿ ಇದು ಬರಿಯ ಮರ್ಯಾದೆ. ಟೆಕ್ಸಸ್ಸಿನಲ್ಲಿ ಜನ ಇದನ್ನು ನಂಬಿಬಿಡುತ್ತಾರೆ. ಗೆದ್ದಲಿಗೆ ಔಷಧಿ ಹೊಡೆಯುವವನಿಗೆ ಒಮ್ಮೆ ಹೀಗೆ ಹೇಳಿದ್ದಕ್ಕೆ ಅವನು ಮೂರು ತಿಂಗಳಿಗೊಮ್ಮೆ ಬರತೊಡಗಿ, ಗೆದ್ದಲೇ ಇಲ್ಲದ ಮನೆಯ ಹೊರಗೆ ನಾವು ಅರ್ಧ ದಿನ ಕುರ್ಚಿ ಹಾಕಿಕೊಂಡು ಕೂತದ್ದುಂಟು. ಅದನ್ನಾದರೂ ಸಹಿಸಬಹುದು. ಆದರೆ ಆ ಅಕ್ಟೋಬರಿನಲ್ಲಿ ಇದೇ ಮಾತನ್ನು ನಾನು ಹೇಳಲೇಬಾರದವರಿಗೆ ಹೇಳಿಬಿಟ್ಟೆ.

ನಾವಿರುವುದು ಆಸ್ಟಿನ್ನಿನಿಂದ ಸ್ವಲ್ಪ ದೂರದ ಟೇಲರ್‌ನಲ್ಲಿ. ಇಲ್ಲಿಯ ಸ್ಥಳೀಯ ನ್ಯಾಯಾಧೀಶರನ್ನು ನಾವೇ ಓಟು ಹಾಕಿ ಆರಿಸಬೇಕು. ಕಾರು ಜೋರಾಗಿ ಓಡಿಸಿದವರಿಗೆ ದಂಡ ಹಾಕುವುದು, ಮದುವೆ ಮಾಡಿಸುವುದು ಅವರ ಕೆಲಸ. ಇನ್ನೊಂದು ಕೆಲಸವೂ ಇದೆ. ಯಾರಾದರೂ ಮನೆಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರೆ, ಬಂದು ನೋಡಿ, ಹೋಗಿದ್ದಾರೆ ಎಂದು ಸಮಯ ಬರೆಯಬೇಕಾದವರೂ ಅವರೇ. ಅವರು ಬರೆಯುವ ತನಕ ಮನುಷ್ಯ ಪೂರ್ತಿ ಸತ್ತಂತಲ್ಲ.

ಇದು ನನಗೆ ತಿಳಿದದ್ದು ಆ ಅಕ್ಟೋಬರಿಗೆ ಎರಡು ವರ್ಷ ಮೊದಲು, ನಮ್ಮ ಮನೆಯಿಂದ ಎರಡು ಮನೆ ಆಚೆಗಿದ್ದ ಧಾರವಾಡದ ದೇಸಾಯಿ ಅಂಕಲ್ ಒಂದು ಬೆಳಿಗ್ಗೆ ಸೋಫಾದಲ್ಲಿ ಕೂತವರು ಏಳಲಿಲ್ಲವಲ್ಲ, ಆಗ. ಸಹಾಯಕ್ಕೆಂದು ಹೋದವನು ಮೂಲೆಯಲ್ಲಿ ನಿಂತಿದ್ದೆ. ನ್ಯಾಯಾಧೀಶರು ಬಂದರು. ಉದ್ದನೆಯ, ಒಣಕಲು ಮನುಷ್ಯ. ಅಷ್ಟು ದಪ್ಪ ಬೂಟು ಹಾಕಿದ್ದರೂ ಮರದ ನೆಲದ ಮೇಲೆ ಸದ್ದಾಗಲಿಲ್ಲ. ಟೋಪಿ ತೆಗೆದು ಅಂಕಲ್ ಮುಖ ನೋಡಿದರು, ಆಮೇಲೆ ಗೋಡೆ ಗಡಿಯಾರ ನೋಡಿದರು, ಆಮೇಲೆ, ಯಾಕೋ ಏನೋ, ನನ್ನನ್ನು ನೋಡಿದರು. ನಾನು ಗಟ್ಟಿಯಾಗಿ ಒಮ್ಮೆ ಉಸಿರಾಡಿ ತೋರಿಸಿದೆ.

ಅವರೇ ಆ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತಿದ್ದರು. ಮರುಆಯ್ಕೆಯ ಪ್ರಚಾರ. ಬೀದಿಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹ್ಯಾಲೋವೀನ್‌ಗೆಂದು ಎದುರು ಮನೆಯವರು ಹುಲ್ಲಿನ ಮೇಲೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಕೂರಿಸಿದ್ದರು. ಅದರ ಕೈಗೇ ಇವರ ಹೆಸರಿನ ಬೋರ್ಡನ್ನೂ ಸಿಕ್ಕಿಸಿದ್ದರು. ನಮ್ಮ ಕಡೆ ನ್ಯಾಯಾಧೀಶರು ಕೈ ಮುಗಿಸಿಕೊಳ್ಳುವವರು. ಇಲ್ಲಿ ಅವರೇ ಬಂದು ಓಟು ಕೇಳುತ್ತಿದ್ದರೆ ನಿಂತಲ್ಲೇ ಮಾತಾಡಿಸಿ ಕಳಿಸಲಾಗುತ್ತದೆಯೆ? ಒಳಗೆ ಕರೆದೆ. ನನ್ನ ಹೆಂಡತಿ ಸುಧಾ ಕಾಫಿ, ಚಕ್ಕುಲಿ ತಂದಳು. ಅವರು ಚಕ್ಕುಲಿ ಕಡಿದು, ನಮ್ಮ ಗೋಡೆಯ ಕಡೆ ನೋಡಿ, ಮೃದುವಾಗಿ, “ನಿಮ್ಮ ಗಡಿಯಾರ ಐದು ನಿಮಿಷ ಹಿಂದಿದೆ, ಸರಿ ಮಾಡಿಸಿಡಿ” ಎಂದರು.

ಹೊರಡುವಾಗ ಬಾಗಿಲವರೆಗೆ ಹೋದೆ. ಎರಡು ನಿಮಿಷ ನಿಂತೆ. “ಪ್ಲೀಸ್ ಕಮ್ ಅಗೇನ್. ಎನಿ ಟೈಮ್,” ಅಂದೆ.

ಅವರು ಮೆಟ್ಟಿಲ ಮೇಲೆ ನಿಂತು ತಿರುಗಿದರು. “ಯಾರೂ ನನಗೆ ಹಾಗೆ ಹೇಳುವುದಿಲ್ಲ,” ಎಂದರು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಮನೆ ನಂಬರು ನೋಡಿ, ಏನೋ ಬರೆದುಕೊಂಡು ಹೋದರು.

“ರೀ, ಯಾರಿಗೆ ಏನು ಹೇಳಿದ್ರಿ ಅಂತ ಗೊತ್ತಾ?” ಸುಧಾ ಕೇಳಿದಳು.

“ಅಪ್ಪಾ, ಯು ಲಿಟರಲಿ ಇನ್ವೈಟೆಡ್ ಹಿಮ್,” ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಸಂಜೆ ಬಂದ ದೇಸಾಯಿ ಆಂಟಿ ಎಲ್ಲ ಕೇಳಿಸಿಕೊಂಡು ಶಾಂತವಾಗಿ ಹೇಳಿದರು: “ನಮ್ಮನಿಗೆ ಅವತ್ತ ಅವರು ತಾವಾಗೇ ಬಂದಿದ್ರು. ನೀವು ಕರದೀರಿ. ಅಷ್ಟ ಫರಕು.”

ಅಂದಿನಿಂದ ನನ್ನ ಎದೆ ಎಡಗಡೆ ಹಿಡಿದುಕೊಳ್ಳತೊಡಗಿತು. ಆಫೀಸಿನ ಮೀಟಿಂಗಿನಲ್ಲಿ ಕೂತಾಗಲೂ ಸದ್ದಿಲ್ಲದ ಬೂಟು ಕೇಳಿಸುತ್ತಿತ್ತು. ಸದ್ದಿಲ್ಲದ್ದು ಕೇಳಿಸುವುದು ಹೇಗೆಂದು ನನ್ನನ್ನು ಕೇಳಬೇಡಿ. ಕೊನೆಗೆ ಒಂದು ದಾರಿ ಹೊಳೆಯಿತು. ಆ ವರ್ಷವಷ್ಟೇ ನನಗೆ ಇಲ್ಲಿಯ ಪೌರತ್ವ ಸಿಕ್ಕಿತ್ತು, ಮೊದಲ ಓಟು. ಎದುರಾಳಿಗೆ ಹಾಕಿಬಿಡುವುದು. ಇವರು ಸೋತರೆ ನಾನು ಕೊಟ್ಟ ಆಹ್ವಾನವೂ ರದ್ದು. ಎದುರಾಳಿಯನ್ನು ನಾನೇನೂ ಮನೆಗೆ ಕರೆದಿರಲಿಲ್ಲ.

ಓಟಿನ ದಿನ ಕಾರು ತೆಗೆಯುತ್ತಿದ್ದರೆ ಆಂಟಿ ಬಂದು ಮುಂದಿನ ಸೀಟಿನಲ್ಲಿ ಕೂತರು. ಅವರದು ಇನ್ನೂ ಗ್ರೀನ್ ಕಾರ್ಡು, ಓಟಿಲ್ಲ.

“ನಿಮ್ಮ ಓಟು ಆ ಜಡ್ಜ್‌ಗ ಹಾಕ್ರಿ. ನಂದೂ ಅಂತ ತಿಳಕೊಂಡು.”

“ನೋಡೋಣ ಆಂಟಿ.”

“ನೋಡೋದೇನದರಿ ಅದರಾಗ? ಅವತ್ತ ಇವರನ್ನ ಒಯ್ಯಾಕ ವ್ಯಾನು ಬರೋತನಕ ಮೂರು ತಾಸು ನನ್ನ ಬಾಜೂಕ ಕೂತಿದ್ರು. ಅವರ ಕೆಲಸ ಮುಗದಿತ್ತು. ಹೋಗ್ರಿ ಅಂದೆ. ನಿಮ್ಮೊಬ್ಬರನ್ನ ಬಿಟ್ಟು ಹೋಗಂಗಿಲ್ಲ ಅಂದ್ರು. ನೀವೆಲ್ಲಾ ಅಡಗಿ ಮನ್ಯಾಗ ಫೋನ್ ಮಾಡಕೋತ ಇದ್ರಿ.”

ನಿಜ. ನಾನು ಫ್ರಿಜ್ಜಿನ ಮರೆಯಲ್ಲಿ ನಿಂತು ಡಾಲಸ್ಸು, ಹ್ಯೂಸ್ಟನ್ನುಗಳ ನಂಟರಿಗೆಲ್ಲ ಫೋನು ಮಾಡುತ್ತಿದ್ದೆ. ಮತ್ತೆ ಹಾಲಿಗೆ ಹೋಗಲು ಧೈರ್ಯವಿರಲಿಲ್ಲ.

ಮತಗಟ್ಟೆಯ ಒಳಗೆ ಯಂತ್ರದ ಪರದೆಯ ಮೇಲೆ ಎದುರಾಳಿಯ ಹೆಸರು ಮುಟ್ಟಿದೆ. ಆಯ್ಕೆಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ ಎಂದಿತು ಯಂತ್ರ. ನೋಡಿಕೊಂಡೆ. ಅವತ್ತು ಆಂಟಿಯ ಪಕ್ಕದಲ್ಲಿದ್ದ ಕುರ್ಚಿ ಕಣ್ಣ ಮುಂದೆ ಬಂತು. ಅಲ್ಲಿ ನಾನು ಕೂರಬೇಕಿತ್ತು, ಕೂತವರು ಅವರು. ಹಿಂದೆ ಹೋಗಿ ಹೆಸರು ಬದಲಿಸಿದೆ.

ಹೊರಗೆ, ಪ್ರಚಾರಕರು ದಾಟಬಾರದ ಗೆರೆಯಾಚೆ, ನ್ಯಾಯಾಧೀಶರು ಬಿಸಿಲಿನಲ್ಲಿ ಒಬ್ಬರೇ ನಿಂತಿದ್ದರು. ಕೈ ಎತ್ತಿದರು. ಆಂಟಿ ಕಾರಿನ ಗಾಜು ಇಳಿಸಿ ನಮಸ್ಕಾರ ಮಾಡಿದರು.

“ಹಾಕಿದ್ರಿ?”

“ಹಾಕಿದೆ.”

“ಖರೇನ?”

“ಖರೇ ಆಂಟಿ.”

ಆಂಟಿ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. “ಸಾಕು. ನನ್ನ ಸರದಿ ಬಂದಾಗೂ ಇವರ ಬರಲಿ. ಗುರುತಿನವರು.”

ನಾನು ಗೆರೆಯ ಕಡೆ ನೋಡದೆ ಕಾರು ತಿರುಗಿಸಿದೆ. ಆಂಟಿಯ ಮುಖದಲ್ಲಿ ಮಾತ್ರ ಅಂಥ ನೆಮ್ಮದಿಯನ್ನು ಎರಡು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಅವರು ಗೆದ್ದರು. ಇನ್ನು ನಾಲ್ಕು ವರ್ಷ ಅವರೇ. ಮೊನ್ನೆ ತರಕಾರಿ ಕೊಳ್ಳುವಾಗ ಟೊಮೆಟೊ ರಾಶಿಯ ಆಚೆಯಿಂದ ಸದ್ದಿಲ್ಲದೆ ಬಂದು ನಿಂತರು. ಗುರುತು ಹಿಡಿದು, ಮುಖವನ್ನು ದಿಟ್ಟಿಸಿ, “ಬಿಳಿಚಿಕೊಂಡಿದ್ದೀರಲ್ಲ, ಆರೋಗ್ಯವಾಗಿದ್ದೀರಾ?” ಎಂದು ಕೇಳಿದರು. ಬಹಳ ಆರೋಗ್ಯವಾಗಿದ್ದೇನೆ ಎಂದು ಎರಡು ಸಲ ಹೇಳಿದೆ. ನಂಬಿಕೆ ಬರಲಿ ಎಂದು, ಬೇಕಿಲ್ಲದಿದ್ದರೂ ಹತ್ತು ಕೆಜಿ ಅಕ್ಕಿಯ ಚೀಲವನ್ನು ಅವರ ಕಣ್ಣೆದುರೇ ಎತ್ತಿ ಗಾಡಿಗೆ ಹಾಕಿಕೊಂಡೆ. ಸೊಂಟ ಹಿಡಿದು ಇವತ್ತಿಗೆ ನಾಲ್ಕು ದಿನ.