ಚಾವಡಿಯಲ್ಲಿ ಕೊತ್ತಂಬರಿ

ಮೂಡುಬಿದಿರೆಯಂಥ ಊರಿನಲ್ಲಿ ಸನ್ಮಾನ ತಪ್ಪಿಸಿಕೊಂಡು ಬಾಳುವುದು ಸುಲಭದ ಕೆಲಸವಲ್ಲ. ಇಲ್ಲಿ ಸಂಘ, ಬಳಗ, ಕೂಟಗಳು ಧಾರಾಳ. ಸಾಧಕರ ಪೂರೈಕೆ ಮಾತ್ರ ಮಿತವಾದದ್ದು. ಹಾಡಿದವರು, ಈಜಿದವರು, ರಕ್ತ ಕೊಟ್ಟವರು, ಏನೂ ಮಾಡದೆ ನಿವೃತ್ತರಾದವರು ಎಲ್ಲರಿಗೂ ಒಂದು ಸುತ್ತು ಆಗಿದೆ. ಕೆಲವರಿಗೆ ಮರುಸುತ್ತೂ ನಡೆದಿದೆ. ಬಂಟ್ವಾಳಕ್ಕೋ ಬೆಳ್ತಂಗಡಿಗೋ ಮನೆ ಬದಲಿಸಿದರೂ ಪ್ರಯೋಜನವಿಲ್ಲ. ಅಲ್ಲಿಯೂ ಶಾಲುಗಳಿಗೆ ಕೊರತೆಯಿಲ್ಲ. ಪತ್ರಿಕೆಯೊಂದರ ಸ್ಥಳೀಯ ವರದಿಗಾರನಾಗಿ ಇವೆಲ್ಲವನ್ನೂ ಬರೆಯುವವನು ನಾನು. ‘ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಸನ್ಮಾನಿಸಲಾಯಿತು’ ಎಂಬ ವಾಕ್ಯವನ್ನು ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಟೈಪ್ ಮಾಡುತ್ತವೆ. ಬರೆಯುವವನ ಜಾಗ ವೇದಿಕೆಯ ಕೆಳಗೆ, ಆದಷ್ಟು ಫ್ಯಾನಿನ ಬಳಿ, ಎಂಬುದು ನನ್ನ ನಿಲುವು. ನಡೆದದ್ದನ್ನು ಬರೆಯುವುದು, ನಡೆಯದ್ದನ್ನು ಬರೆಯದಿರುವುದು, ಇಷ್ಟರಲ್ಲಿ ನನ್ನ ವೃತ್ತಿಧರ್ಮ ಮುಗಿಯುತ್ತದೆ. ನನ್ನ ಹೆಸರಿನಲ್ಲಿ ಬಂದ ಸುದ್ದಿ ಸುಳ್ಳಿರಲಿಕ್ಕಿಲ್ಲ ಎಂದು ಊರಿನವರು ನಂಬುತ್ತಾರೆ. ಅದನ್ನು ಬಿಟ್ಟರೆ ನನ್ನ ಬಳಿ ಬೇರೆ ಆಸ್ತಿಯಿಲ್ಲ. ಆ ಆಸ್ತಿಯನ್ನು ಅಪಾಯಕ್ಕೆ ತಂದದ್ದು ಕೊತ್ತಂಬರಿ ಸೊಪ್ಪು.

ಮಳೆಗಾಲದಲ್ಲಿ ನಮ್ಮ ಕಡೆಗೆ ಕೊತ್ತಂಬರಿ ಸೊಪ್ಪು ಘಟ್ಟ ಇಳಿದು ಬರಬೇಕು. ಅದರ ಯೌವನವೆಲ್ಲ ಲಾರಿಯಲ್ಲಿಯೇ ಕಳೆದಿರುತ್ತದೆ. ತಂದ ಮರುದಿನ ಕಟ್ಟು ಬಿಚ್ಚಿದರೆ ಒಳಗೆ ಕಪ್ಪು ಮುದ್ದೆ. ಸಾರಿನಲ್ಲಿ ಸೊಪ್ಪಿಲ್ಲದ್ದನ್ನು ನಾನು ಒಮ್ಮೆ ಪ್ರಸ್ತಾಪಿಸಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ಶಶಿಕಲಾ, “ಬೇಕಾದ್ರೆ ಬೆಳೆಸಿ ಮಾರಾಯ್ರೆ, ಯಾರು ಬೇಡ ಹೇಳಿದ್ದು?” ಎಂದಳು. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ, ಸೂರ್ಯನೇ ರಜೆ ಹಾಕಿದ ತಿಂಗಳಲ್ಲಿ, ಇದು ಬಾಯಿ ಮುಚ್ಚಿಸುವ ಉಪಾಯ. ನಾನು ಅದನ್ನು ಸವಾಲೆಂದು ಓದಿಕೊಂಡೆ. ಮೊಬೈಲಿನಲ್ಲಿ ಹುಡುಕಿದಾಗ ಮನೆಯೊಳಗೆ ಗಿಡ ಬೆಳೆಸುವ ಟೆಂಟ್ ಎಂಬ ವಸ್ತು ಕಂಡಿತು. ಹೊರಗೆ ಕಪ್ಪು ಬಟ್ಟೆ, ಒಳಗೆ ಕನ್ನಡಿಯಂತೆ ಹೊಳೆಯುವ ಹಾಳೆ, ಮೂರಂತಸ್ತಿನ ಕಪಾಟು, ಪ್ರತಿ ಅಂತಸ್ತಿಗೂ ಎಲ್‌ಇಡಿ ದೀಪ, ಗಾಳಿಗೊಂದು ಪುಟ್ಟ ಫ್ಯಾನ್, ಮುಚ್ಚಲು ಜಿಪ್ಪು. ಜೊತೆಗೆ ಮಣ್ಣಿನ ಬದಲಿಗೆ ತೆಂಗಿನ ನಾರಿನ ಹುಡಿ. ಹೆಜ್ಜೆಗೊಂದು ತೆಂಗಿನ ಮರವಿರುವ ಊರಿಗೆ ಆ ಹುಡಿ ಇಟ್ಟಿಗೆಯ ಆಕಾರದಲ್ಲಿ, ಪ್ಲಾಸ್ಟಿಕ್ ತೊಟ್ಟು, ಕೊರಿಯರಿನಲ್ಲಿ ಬಂತು.

ಜೋಡಿಸುವ ಕ್ರಮವನ್ನು ವಿವರಿಸುವ ಕಾಗದದಲ್ಲಿ ಅಕ್ಷರಗಳಿರಲಿಲ್ಲ, ಚಿತ್ರಗಳಿದ್ದವು. ಒಬ್ಬ ಮನುಷ್ಯ ಮೊದಲ ಚಿತ್ರದಿಂದ ಕೊನೆಯ ಚಿತ್ರದ ತನಕ ಒಂದೇ ಸಮ ನಗುತ್ತಿದ್ದ. ಅವನ ನಗುವಿಗೆ ಆಧಾರವೇನೆಂದು ನನಗೆ ತಿಳಿಯಲಿಲ್ಲ. ಜಾಗ ಸಾಕಾಗುತ್ತದೆಂದು ಮುಂದಿನ ಕೋಣೆಯಾದ ಚಾವಡಿಯಲ್ಲೇ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಬಟ್ಟೆ ಎಳೆದು, ದೀಪ ತೂಗುಹಾಕಿದೆ. ಮಲಗುವ ಕೋಣೆಗೆ ಸಾಗಿಸಲು ಹೊರಟಾಗ, ಬಾಗಿಲಿಗಿಂತ ಟೆಂಟೇ ಅಗಲ ಎಂಬ ಸಂಗತಿ ಬೆಳಕಿಗೆ ಬಂತು. ಬಿಚ್ಚಿ ಒಳಗೆ ಪುನಃ ಕಟ್ಟಬಹುದಿತ್ತು. ಆದರೆ ಕಟ್ಟುವಾಗಲೇ ಒಂದು ಕೊಳವೆ ಬಾಗಿತ್ತು, ಇನ್ನೊಂದು ನನ್ನೊಡನೆ ಮಾತು ಬಿಟ್ಟಿತ್ತು. ಹೀಗಾಗಿ ನಮ್ಮ ಚಾವಡಿಯಲ್ಲಿ, ಟಿವಿಯ ಪಕ್ಕ, ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಅದು ನಿಂತಿತು. “ದೇವರ ಕೋಣೆಗಿಂತ ದೊಡ್ಡದುಂಟು” ಎಂದಳು ಶಶಿಕಲಾ.

ಮೊದಲು ಬಿದ್ದದ್ದು ಸದಾನಂದ ಮಾಸ್ಟ್ರ ಕಣ್ಣಿಗೆ. ನಿವೃತ್ತ ಶಿಕ್ಷಕರು, ನಮ್ಮ ಬೀದಿಯ ಗೆಳೆಯರ ಬಳಗದ ಕಾರ್ಯದರ್ಶಿ. ಬಳಗದ ಸುದ್ದಿಯನ್ನು ಕಾರ್ಯಕ್ರಮಕ್ಕಿಂತ ಮೊದಲೇ ಬರೆದು ತಂದುಕೊಡುವಷ್ಟು ಶಿಸ್ತಿನವರು. ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ಬಳಗ ನಡೆಸುವ ಆಚರಣೆಯ ವಿಷಯ ಮಾತನಾಡಲು ಬಂದವರು ಬಾಗಿಲಲ್ಲೇ ನಿಂತರು.

“ಎಂಥದು ಮಾರಾಯ್ರೆ, ಫೋಟೋ ಸ್ಟುಡಿಯೋ ಇಟ್ರಾ?”

“ಕೊತ್ತಂಬರಿ ಹಾಕಿದ್ದೇನೆ ಮಾಸ್ಟ್ರೆ. ಇನ್ನೂ ಮೊಳಕೆ.”

“ಆಟಿ ತಿಂಗಳಲ್ಲಿ ಕೊತ್ತಂಬರಿ! ಅದೂ ಚಾವಡಿಯಲ್ಲಿ!” ಮಾಸ್ಟ್ರು ಜಿಪ್ಪು ಎಳೆದು ಇಣುಕಿದರು. ಬೆಳಕು ಅವರ ಕನ್ನಡಕದಲ್ಲಿ ಹೊಳೆಯಿತು. ಬಹುಶಃ ಆ ಕ್ಷಣದಲ್ಲಿಯೇ ನನ್ನ ಗತಿ ನಿರ್ಧಾರವಾಯಿತು.

ಆಟಿಯ ಕಾರ್ಯಕ್ರಮವೆಂದರೆ ಹಿರಿಯರ ಮಳೆಗಾಲದ ಕಷ್ಟಗಳನ್ನು ಪತ್ರೊಡೆ, ತಜಂಕು ಸೊಪ್ಪಿನ ಪಲ್ಯ, ಪಾಯಸಗಳ ಮೂಲಕ ನೆನೆಯುವುದು. ಕೊನೆಗೆ ಒಬ್ಬ ಕೃಷಿಕರಿಗೆ ಸನ್ಮಾನ. ಆ ವರ್ಷ ಒಪ್ಪಿದ್ದ ನೆರಿಯ ಗ್ರಾಮದ ಕೃಷಿಕರು ಆಮೇಲೆ, ತಮಗೆ ಗದ್ದೆಯಲ್ಲಿ ಕೆಲಸವುಂಟು ಎಂಬ ವಿಚಿತ್ರ ಕಾರಣ ಕೊಟ್ಟು ಹಿಂದೆ ಸರಿದಿದ್ದರು. ಮರುದಿನ ಮಾಸ್ಟ್ರು ಫೋನು ಮಾಡಿ, ಆ ಜಾಗಕ್ಕೆ ನನ್ನ ಹೆಸರು ಹಾಕಿಯಾಯಿತು ಎಂದರು.

“ಮಾಸ್ಟ್ರೆ, ಹಿರಿಯರ ಬದುಕಿಗೂ ಎಲ್‌ಇಡಿ ದೀಪಕ್ಕೂ ಎಂಥ ಸಂಬಂಧ?”

“ಸಂಪ್ರದಾಯವೂ ಆಯ್ತು, ಆಧುನಿಕತೆಯೂ ಆಯ್ತು. ಎರಡೂ ಒಂದೇ ಶಾಲಿನಲ್ಲಿ ಮುಗೀತದೆ. ನೀವು ಒಂದು ಕಟ್ಟು ಸೊಪ್ಪು ತನ್ನಿ, ವೇದಿಕೆಯಲ್ಲಿ ಅಧ್ಯಕ್ಷರ ಕೈಗೆ ಕೊಡುವ.”

ಬೆಳೆದರೆ ನೋಡುವ ಎಂದು ನಾನು ಫೋನಿಟ್ಟೆ. ಬೆಳೆದರೆ ಸುಳ್ಳೇನಿಲ್ಲವಲ್ಲ. ಅಂದಿನಿಂದ ಗಿಡಗಳ ಮೇಲೆ ನನ್ನ ಮರ್ಯಾದೆಯನ್ನು ಹೊರಿಸಿ ದಿನವೂ ಬಗ್ಗಿ ನೋಡತೊಡಗಿದೆ. ಎಳೆ ಹಸಿರು ದಾರಗಳು ನೆಟ್ಟಗೆ ನಿಂತು, ತಮಗೆ ಗೊತ್ತಿದ್ದ ಎರಡೆಲೆ ಬಿಟ್ಟವು. ಅಷ್ಟರಲ್ಲಿ ಮಳೆ ಜೋರಾಯಿತು. ನಮ್ಮಲ್ಲಿ ಆಗ ಒಣಗದಿರುವುದು ಬಟ್ಟೆಯ ಸಹಜ ಸ್ಥಿತಿ. ಫ್ಯಾನಿನ ಕೆಳಗೆ ಹಗ್ಗ, ಕುರ್ಚಿಯ ಬೆನ್ನ ಮೇಲೆ ಪ್ಯಾಂಟು, ಮನೆಯಿಡೀ ಮುಗ್ಗಲು ವಾಸನೆ. ಒಂದು ಸಂಜೆ ಟೆಂಟಿನ ಜಿಪ್ಪು ಎಳೆದರೆ ಮೇಲಿನ ಅಂತಸ್ತಿನಲ್ಲಿ ನನ್ನ ಕಾಲುಚೀಲಗಳು ದೀಪಕ್ಕೆ ಮೈ ಕಾಯಿಸಿಕೊಳ್ಳುತ್ತಿದ್ದವು.

“ಇದೆಂಥ ಮಾರಾಯ್ತಿ?”

“ಮೇಲೆ ಬೆಳಕು ಸುಮ್ಮನೆ ಹಾಳಾಗ್ತಾ ಉಂಟಲ್ಲ. ನಿಮ್ಮ ಕೊತ್ತಂಬರಿಗೆ ಕೆಳಗಿನ ತಟ್ಟೆ ಸಾಕು.”

ಕಾಲುಚೀಲದ ಹಿಂದೆ ಬನಿಯನ್ ಬಂತು, ಬನಿಯನ್ನಿನ ಹಿಂದೆ ಲಂಗ, ಕೊನೆಗೆ ಶಾಲೆಗೆ ಉಡುವ ಸೀರೆ ನಾಲ್ಕು ಮಡಿಕೆಯಾಗಿ. ಬಟ್ಟೆಗಳು ಚೆನ್ನಾಗಿ ಒಣಗಿದವು. ಅವುಗಳ ತೇವವೆಲ್ಲ ಗಿಡಗಳ ಪಾಲಾಯಿತು. ಒಂದು ಬೆಳಿಗ್ಗೆ ನೋಡಿದರೆ ಮೊಳಕೆಗಳೆಲ್ಲ ಬುಡ ಕೊಳೆತು, ಸಾಮೂಹಿಕವಾಗಿ ಒಂದೇ ದಿಕ್ಕಿಗೆ ಮಲಗಿದ್ದವು. “ತೇವ ಜಾಸ್ತಿಯಾದ್ರೆ ಬೂಸ್ಟು ಬರ್ತದೆ, ಎಂಟನೇ ಕ್ಲಾಸಿನ ಪಾಠ” ಎಂದು ವಿಜ್ಞಾನದ ಟೀಚರು ವಿವರಿಸಿದಳು. ವಿವರಿಸುತ್ತ ತನ್ನ ಒಣಗಿದ ಸೀರೆಯನ್ನು ತೆಗೆದು ಇಸ್ತ್ರಿಗೆ ಇಟ್ಟಳು.

ನಾನು ಕೂಡಲೇ ಮಾಸ್ಟ್ರ ಮನೆಗೆ ಹೋಗಿ, ಗಿಡ ಸತ್ತಿದೆ, ನನ್ನ ಹೆಸರು ತೆಗೆಯಿರಿ ಎಂದೆ. ಮಾಸ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟರು. “ನಾನು ಎಷ್ಟು ಸನ್ಮಾನ ಮಾಡಿಸಿದ್ದೇನೆ. ನಿಜವಾದ ಸಾಧಕರೆಲ್ಲ ಹೀಗೆಯೇ ಹೇಳುವುದು, ನಾನೆಂಥದೂ ಮಾಡ್ಲಿಲ್ಲ ಅಂತ.”

“ನಾನು ನಿಜವಾಗಿಯೂ ಎಂಥದೂ ಮಾಡ್ಲಿಲ್ಲ ಮಾಸ್ಟ್ರೆ!”

“ಅವರೂ ಇಷ್ಟೇ ಗಟ್ಟಿಯಾಗಿ ಹೇಳ್ತಾರೆ.”

ಹಾಗಾದರೆ ಮೈಕಿನಲ್ಲಿಯೇ ಸತ್ಯ ಹೇಳುವುದೆಂದು ನಿಶ್ಚಯಿಸಿ ಹೋದೆ. ಸಭಾಭವನಕ್ಕೆ ತಗಡಿನ ಮಾಡು. ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗೆ ಸ್ವಲ್ಪ ಸಣ್ಣದಾದ ಪೇಟ ಇಟ್ಟರು. ಅಷ್ಟರಲ್ಲಿ ಮಾಸ್ಟ್ರು ಮೇಜಿನ ಕೆಳಗಿನಿಂದ ರಿಬ್ಬನ್ ಕಟ್ಟಿದ ಕೊತ್ತಂಬರಿ ಸೊಪ್ಪಿನ ಕಟ್ಟೊಂದನ್ನು ತೆಗೆದು ನನ್ನ ಕೈಗೆ ತುರುಕಿದರು. “ವೇದಿಕೆ ಖಾಲಿ ಕಾಣಬಾರ್ದು ಅಂತ ಮಾರ್ಕೆಟಿನಿಂದ ತಂದದ್ದು. ಹಿಡ್ಕೊಳ್ಳಿ, ಹಿಡ್ಕೊಳ್ಳಿ.” ಅಧ್ಯಕ್ಷರು ಇನ್ನೊಂದು ತುದಿ ಹಿಡಿದರು. ಕ್ಯಾಮೆರಾಗಳು ಮಿಂಚಿದವು. ನಾನು ಮೈಕಿನ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡು, “ಈ ಸೊಪ್ಪು ನಾನು ಬೆಳೆಸಿದ್ದಲ್ಲ, ನನ್ನ ಗಿಡಗಳೆಲ್ಲ ಸತ್ತಿವೆ” ಎಂದು ಸ್ಪಷ್ಟವಾದ ಕನ್ನಡದಲ್ಲಿ ಹೇಳಿದೆ. ಅದೇ ಹೊತ್ತಿಗೆ ತಗಡಿನ ಮೇಲೆ ಮಳೆ ಬಿತ್ತು. ಅದು ಬಿದ್ದ ರೀತಿಗೆ ನನ್ನ ಮಾತು ನನಗೇ ಕೇಳಿಸಲಿಲ್ಲ. ನಾನು ಬಾಯಿ ಮುಚ್ಚಿದ್ದನ್ನು ನೋಡಿ ಜನ ಚಪ್ಪಾಳೆ ತಟ್ಟಿದರು, ಪತ್ರೊಡೆ ಬಡಿಸುವ ಕಡೆಗೆ ಎದ್ದರು.

ಸುದ್ದಿಯನ್ನು ನಾನು ಕಳಿಸಲಿಲ್ಲ. ಆದರೂ ಮರುದಿನ ನಮ್ಮ ಪತ್ರಿಕೆಯಲ್ಲಿಯೇ ಬಂತು: ‘ಮಳೆಗಾಲದಲ್ಲಿ ಮನೆಯೊಳಗೆ ಬೆಳೆದ ಕೊತ್ತಂಬರಿಯನ್ನು ಸಾಧಕರು ಅಧ್ಯಕ್ಷರಿಗೆ ಹಸ್ತಾಂತರಿಸಿದರು.’ ಜೊತೆಗೆ ದೊಡ್ಡ ಫೋಟೋ. ಮಾಸ್ಟ್ರು ಮೊದಲೇ ಬರೆದಿಟ್ಟ ಪ್ರಕಟಣೆಯನ್ನು, ನನಗೆ ಸಂಕೋಚವಾದೀತೆಂದು, ನೇರವಾಗಿ ಮಂಗಳೂರಿನ ಡೆಸ್ಕಿಗೆ ಕಳಿಸಿದ್ದರು. ನಾನು ಡೆಸ್ಕಿಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕೆಂದೆ. ಫೋನೆತ್ತಿದವಳು ಉಪಸಂಪಾದಕಿ ಪವಿತ್ರಾ, ನನ್ನ ಕೈಕೆಳಗೆ ಕೆಲಸ ಕಲಿತವಳು.

“ಹಾಕುವ ಸರ್. ಆದ್ರೆ ಒಬ್ಬರೇ ಹೇಳಿದ್ದನ್ನು ಹಾಕ್ಬಾರ್ದು, ಎರಡನೇ ಮೂಲ ಬೇಕು ಅಂತ ನನಗೆ ಕಲಿಸಿದ್ದೇ ನೀವಲ್ವಾ? ಅದೂ ಫೋಟೋ ಬೇರೆ ಉಂಟು. ಗಿಡ ಸತ್ತದ್ದನ್ನು ನೋಡಿದವರು ಇನ್ಯಾರಾದ್ರೂ ಇದ್ದಾರಾ?”

ಇದ್ದವಳು ಒಬ್ಬಳೇ. ಫೋನು ಹಿಡಿದುಕೊಂಡೇ ಅಡುಗೆ ಕೋಣೆಗೆ ಹೋಗಿ, ನಮ್ಮಲ್ಲಿ ಕೊತ್ತಂಬರಿ ಬೆಳೆಯಲಿಲ್ಲ ಎಂದು ಒಂದು ಮಾತು ಹೇಳು ಎಂದೆ. ಶಶಿಕಲಾ ಒಗ್ಗರಣೆಯಿಂದ ತಲೆಯೆತ್ತಲಿಲ್ಲ.

“ಬೆಳೆಯಲಿಲ್ಲ ಹೇಳಿದ್ರೆ, ಯಾಕೆ ಬೆಳೆಯಲಿಲ್ಲ ಅಂತ ಕೇಳ್ತಾರೆ. ಆಮೇಲೆ ನನ್ನ ಲಂಗ, ನಿಮ್ಮ ಬನಿಯನ್ ಎಲ್ಲ ಪೇಪರಲ್ಲಿ ಬರ್ತದೆ. ಅದಕ್ಕೂ ಫೋಟೋ ಕೇಳ್ತಾರೆ. ಸುಮ್ಮನಿರಿ ಮಾರಾಯ್ರೆ.”

ನಾನು ಚಾವಡಿಗೆ ಮರಳಿ, ಫೋನನ್ನು ಕಿವಿಗಿಟ್ಟು, ಎರಡನೆಯ ಮೂಲ ಪ್ರತಿಕ್ರಿಯೆಗೆ ಲಭ್ಯವಾಗಲಿಲ್ಲ ಎಂದು ಪವಿತ್ರಾಳಿಗೆ ತಿಳಿಸಿದೆ.