ಅರ್ಜಿ ಕನ್ನಡದಾಗ ಇರಬೇಕ್ರಿ

ಕಾನ್ವೆಂಟಿನಲ್ಲಿ ಓದಿದವರು ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತಾರೆ ಎಂದು ಜನ ನನ್ನೆದುರಿಗೇ ಹೇಳಿದ್ದಾರೆ. ನಾನು ಸುಮ್ಮನೆ ನಕ್ಕಿದ್ದೇನೆ. ಫ್ರಾಂಕಾಗಿ ಮಾತಾಡಿದರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ. ಈ ವಯಸ್ಸಿನಲ್ಲಿ ಹೋಗುವುದಕ್ಕೆ ಇನ್ನೇನು ಉಳಿದಿದೆ, ಹೇಳಿಯೇಬಿಡುತ್ತೇನೆ. ಇಪ್ಪತ್ತೆಂಟು ತುಂಬುವವರೆಗೂ ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಓದುವುದೂ ಅಷ್ಟಕ್ಕಷ್ಟೆ. ಮಾತು ಬರುತ್ತಿತ್ತು, ಅತ್ತೆಯವರಿಗೆ ಎದುರುತ್ತರ ಕೊಡುವಷ್ಟು ಚೆನ್ನಾಗಿಯೇ ಬರುತ್ತಿತ್ತು. ಆದರೆ ಬರವಣಿಗೆ ಎಂದರೆ ಇಂಗ್ಲಿಷು, ಅದು ಬಿಟ್ಟರೆ ಸೆಕೆಂಡ್ ಲಾಂಗ್ವೇಜ್ ಫ್ರೆಂಚು. ಹ್ಯಾಂಡ್‌ರೈಟಿಂಗಿಗೆ ಮೂರು ವರ್ಷ ಸತತವಾಗಿ ಪ್ರೈಜ್ ಪಡೆದವಳು ನಾನು. ಅಂಗಡಿಯ ಚೀಟಿಯನ್ನೂ ಆ ಚೆಂದದ ಇಂಗ್ಲಿಷಿನಲ್ಲೇ ಬರೆದು, ಅದನ್ನು ಅಂಗಡಿಯವನಿಗೆ ಓದಿ ಹೇಳಲು ಹಿಂದೆಯೇ ನಾನೂ ಹೋಗುತ್ತಿದ್ದೆ.

ನನ್ನ ಯಜಮಾನರು ಓವರ್‌ಸಿಯರ್. ತುಂಗಭದ್ರೆಯ ಎಡದಂಡೆ ಕಾಲುವೆ ಅಗೆಸುವ ಕೆಲಸ ಸಿಕ್ಕಿ, ಮೈಸೂರಿನಿಂದ ನಾವು ಮೂವರೂ ಸಿಂಧನೂರಿಗೆ ಬಂದೆವು. ನೀರು ಇನ್ನೂ ಬಂದಿರಲಿಲ್ಲ, ಧೂಳು ಮಾತ್ರ ಧಾರಾಳವಾಗಿತ್ತು. ಆಗ ಅದು ಹೈದರಾಬಾದ್ ರಾಜ್ಯ. ನಿಜಾಮರ ಕಾಲ ಮುಗಿದು ಕೆಲವೇ ವರ್ಷಗಳಾಗಿದ್ದವು. ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಶಾಲೆಗಳಲ್ಲಿ ಇನ್ನು ಕನ್ನಡದಲ್ಲಿ ಹೇಳಿ ಎಂದು ಆಗತಾನೆ ಹುಕುಂ ಬಂದಿತ್ತು. ನಮ್ಮ ಮಗಳು ನಳಿನಿಗೆ ಎಂಟು ವರ್ಷ. ಯಜಮಾನರು ಮಸ್ಕಿಯ ಆಚೆಗಿನ ಕ್ಯಾಂಪಿಗೆ ಹೊರಡುವಾಗ, "ನಾನು ಭಾನುವಾರ ಬರುವಷ್ಟರಲ್ಲಿ ಇಲ್ಲಿ ಅಡ್ಮಿಷನ್ ಆದರೆ ಸರಿ. ಇಲ್ಲದಿದ್ದರೆ ಬೆಂಗಳೂರಿನ ಬೋರ್ಡಿಂಗಿಗೇ ಹಾಕಿಬಿಡೋಣ. ನೀನೂ ಅಲ್ಲೇ ಬೆಳೆದವಳಲ್ಲವೆ, ನಿನಗೇನಾಗಿದೆ?" ಎಂದರು. ನನಗೇನೂ ಆಗಿರಲಿಲ್ಲ. ಏಳನೆಯ ವಯಸ್ಸಿಗೇ, ಪಕ್ಕದ ಮಂಚದವರಿಗೆ ಕೇಳಿಸದ ಹಾಗೆ ದಿಂಬಿಗೆ ಮುಖ ಒತ್ತಿ ಅಳುವುದನ್ನು ಕಲಿತಿದ್ದೆ, ಅಷ್ಟೆ. ಅದಕ್ಕೆ ಪ್ರೈಜ್ ಇರಲಿಲ್ಲ.

ಮರುದಿನವೇ ಸಿಲ್ಕ್ ಸೀರೆ ಉಟ್ಟು, ಇಂಗ್ಲಿಷಿನಲ್ಲಿ ಒಂದು ಅಪ್ಲಿಕೇಷನ್ ಬರೆದು, ನಳಿನಿಯ ಕೈ ಹಿಡಿದು ಶಾಲೆಗೆ ಹೋದೆ. ಹೆಡ್‌ಮಾಸ್ತರು ಶರಣಪ್ಪನವರು ಎದ್ದು ನಿಂತು, "ಬಾಯಾರ, ಬರ್ರಿ ಬರ್ರಿ" ಎಂದರು. "ಪರವಾಗಿಲ್ಲ, ಬಾಯಾರಿಕೆ ಇಲ್ಲ" ಎಂದೆ. ಅವರು ತಬ್ಬಿಬ್ಬಾಗಿ, "ಕೂಡ್ರಿ ಬಾಯಾರ" ಎಂದರು. "ನಿಜವಾಗಿಯೂ ಬೇಡ, ಮನೆಯಲ್ಲಿ ಕುಡಿದೇ ಬಂದೆ" ಎಂದೆ. ಪಾಪ, ಅವರು ಜವಾನನ ಕೈಯಲ್ಲಿ ಒಂದು ತಂಬಿಗೆ ನೀರು ತರಿಸಿಯೇ ಬಿಟ್ಟರು. ಆ ಕಡೆ ಗೌರವದ ಹೆಂಗಸರನ್ನು ಬಾಯಾರ ಎನ್ನುತ್ತಾರೆ, ಕೂಡ್ರಿ ಎಂದರೆ ಕೂತುಕೊಳ್ಳಿ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಅರ್ಧ ತಂಬಿಗೆ ನೀರು ಕುಡಿದಾಗಿತ್ತು.

ನನ್ನ ಅಪ್ಲಿಕೇಷನ್ನನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಕ್ಷರ ಮುತ್ತಿನಂಗ ಅದಾವ್ರಿ. ಆದ್ರ ಲಿಂಗಸುಗೂರಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ಕಾಗದ ನೋಡ್ತಾರ. ಈಗ ಅರ್ಜಿ ಕನ್ನಡದಾಗ ಇರಬೇಕ್ರಿ."

"ನೀವೇ ಬರೆದುಕೊಳ್ಳಿ, ಸೈನ್ ಹಾಕುತ್ತೇನೆ" ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಮುಂದ ಮುಚ್ಚಿಡೂದೇನ್ರಿ. ನಾ ಓದಿದ್ದೆಲ್ಲಾ ಉರ್ದೂ. ಕನ್ನಡ ಓದಾಕ ಬರ್ತೈತಿ, ಕೂಡಿಸಿ ಕೂಡಿಸಿ. ಬರಿಯಾಕ ಕುಂತ್ರ ಕೈ ಬಲಗಡಿಂದ ಹೊಂಟುಬಿಡ್ತೈತಿ. ನೀವ ಬರೀರಿ, ಮೈಸೂರವ್ರು ಅದೀರಿ."

ಮೈಸೂರಿನವಳು ಕಿಟಕಿಯಾಚೆ ನೋಡಿದಳು. ಕೊನೆಗೆ ನಳಿನಿಯೇ ಬಾಯಿ ಬಿಟ್ಟಳು. "ನಾನು ಬರೀತೀನಮ್ಮ." ಅವಳ ಅಜ್ಜಿ, ಅಂದರೆ ನಾನು ಎದುರುತ್ತರ ಕೊಡುತ್ತಿದ್ದ ನನ್ನ ಅತ್ತೆ, ಹಟ ಹಿಡಿದು ಎರಡು ವರ್ಷ ಮೈಸೂರಿನ ನಮ್ಮ ಬೀದಿಯ ಕನ್ನಡ ಶಾಲೆಗೆ ಅವಳನ್ನು ಕಳಿಸಿದ್ದರು.

ಮಾಸ್ತರು ಹಾಳೆ, ಮಸಿ ಕೊಟ್ಟರು. ನಾನು 'ಐ ಬೆಗ್ ಟು ಸ್ಟೇಟ್' ಎಂಬ ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡ ಮಾಡಿ, "ನಾನು ತಮ್ಮಲ್ಲಿ ಭಿಕ್ಷೆ ಬೇಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದೆ. "ಭಿಕ್ಷೆ ಅಂತ ಬರೆದರೆ ಅಜ್ಜಿ ಬೈತಾರೆ" ಎಂದು ನಳಿನಿ ಪೆನ್ನು ಎತ್ತಿದಳು. ಮಾಸ್ತರು, "ತಡೀ ತಂಗಿ. ಜನಾಬ್, ಗುಜಾರಿಶ್ ಏನಂದ್ರ, ಅಂತ ಬರಿ" ಎಂದು ಉರ್ದು ಅರ್ಜಿಯ ಒಕ್ಕಣೆ ಹೇಳಿಕೊಟ್ಟರು. ಅವಳು ನಮ್ಮಿಬ್ಬರ ಮುಖವನ್ನೂ ನೋಡಿ, ಹಾಳೆಯನ್ನು ಮೊಣಕೈಯಿಂದ ಮರೆಮಾಡಿಕೊಂಡು ತನ್ನಷ್ಟಕ್ಕೆ ಬರೆಯತೊಡಗಿದಳು. ಮುಗಿದ ಮೇಲೆ ನನ್ನ ಕೈಗೆ ಕೊಟ್ಟಳು. ನಾನು ಗಂಭೀರವಾಗಿ ಕಣ್ಣಾಡಿಸಿ, "ಹ್ಯಾಂಡ್‌ರೈಟಿಂಗ್ ನೀಟಾಗಿದೆ" ಎಂದು ದಾಟಿಸಿದೆ.

ಮಾಸ್ತರು ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ, ನಿಧಾನವಾಗಿ ಓದಿದರು. "ಮೇಷ್ಟ್ರೇ, ನನ್ನನ್ನು ಸೇರಿಸಿಕೊಳ್ಳಿ. ಇಲ್ಲದಿದ್ದರೆ ಬೋರ್ಡಿಂಗಿಗೆ ಹಾಕುತ್ತಾರೆ. ನಾನು ಹೇಗೋ ಇರುತ್ತೇನೆ. ನನ್ನನ್ನು ಬಿಟ್ಟು ಅಮ್ಮ ಇರುವುದಿಲ್ಲ. ಅವಳಿಗೆ ಅಂಗಡಿ ಚೀಟಿ ಬರೆಯಲೂ ಬರುವುದಿಲ್ಲ. ಇಂತಿ, ನಳಿನಿ."

ಅವರು ಕೂಡಿಸಿ ಕೂಡಿಸಿ ಓದಿದ್ದರಿಂದ ನಾನು ಪ್ರತಿ ಮಾತಿಗೂ ಕಾಯಬೇಕಾಯಿತು. "ಅಮ್ಮ ಇರು" ಎಂಬಲ್ಲಿಗೆ ನಿಂತು ಅವರು ಕನ್ನಡಕ ಒರೆಸಿಕೊಂಡರು. "ವುದಿಲ್ಲ" ಬರುವ ಹೊತ್ತಿಗೆ ನಾನು ಕರ್ಚೀಫು ಹುಡುಕುತ್ತಿದ್ದೆ.

"ಅರ್ಜಿ ಅಂದ್ರ ಇದು ನೋಡ್ರಿ. ಮಂಜೂರ್" ಎಂದರು ಮಾಸ್ತರು.

"ಇನ್ಸ್‌ಪೆಕ್ಟರು ಆಕ್ಷೇಪಣೆ ಮಾಡಿದರೆ?"

"ಮಾಡ್ಲಿ ಬಿಡ್ರಿ. ಅವರೂ ನನ್ನಂಗನ ಉರ್ದೂ ಕಲ್ತವ್ರು. ಇದನ್ನ ಓದಿ ಮುಗಿಸೂದ್ರಾಗ ಹುಡುಗಿ ಪಾಸಾಗಿ ಹೋಗಿರ್ತಾಳ."

ಹಾಳೆಯ ಕೆಳಗೆ ನಾನು ಎಡದಿಂದ ಇಂಗ್ಲಿಷಿನಲ್ಲಿ ಸಹಿ ಹಾಕಿದೆ, ಅವರು ಬಲದಿಂದ ಉರ್ದುವಿನಲ್ಲಿ ಹಾಕಿದರು. ನಮ್ಮಿಬ್ಬರ ಸಹಿಗಳು ಮಗುವಿನ ಅಕ್ಷರಗಳ ಕೆಳಗೆ ಎದುರುಬದುರಾಗಿ ಬಂದು, ಇನ್ನೇನು ಡಿಕ್ಕಿ ಹೊಡೆಯಬೇಕು ಎನ್ನುವಲ್ಲಿ ನಿಂತವು.

ಭಾನುವಾರ ಯಜಮಾನರು ಬಂದು, "ಗುಡ್" ಎಂದರು. ನಾನು ಅರ್ಜಿಯ ಒಕ್ಕಣೆಯನ್ನು ಅವರಿಗೆ ಹೇಳಲಿಲ್ಲ. ಸೋಮವಾರ ನಳಿನಿಯನ್ನು ಶಾಲೆಗೆ ಬಿಟ್ಟೆ. ಅವಳು ಹಿಂದಿರುಗಿ ನೋಡದೆ ಒಳಗೆ ಹೋಗಿ, ಚಾಪೆಯ ಮೇಲೆ ಇಬ್ಬರು ಹುಡುಗಿಯರ ನಡುವೆ ಜಾಗ ಮಾಡಿಕೊಂಡಳು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಸ್ವಲ್ಪ ಹೊತ್ತೇ ಅಂದುಕೊಂಡಿದ್ದೆ, ಅಷ್ಟರಲ್ಲಿ ಮೊದಲ ಪಿರಿಯಡ್ ಮುಗಿಯಿತು. ಶರಣಪ್ಪ ಮಾಸ್ತರು ಹೊರಗೆ ಬಂದು ಮೆಲ್ಲಗೆ ಹೇಳಿದರು. "ಹೆಸರು ಹಚ್ಚಿದ್ದು ಹುಡುಗೀದ್ರಿ, ಬಾಯಾರ. ನೀವಿನ್ನ ಮನೀಗೆ ಹೋಗಬಹುದು."

ಹೊರಟೆ. ಆದರೆ ಆ ಕೋಣೆಗೆ ಹಿಂಬದಿಯಲ್ಲೂ ಒಂದು ಕಿಟಕಿಯಿತ್ತು.